ಪ್ರಶ್ನಾವಳಿಗೆ ಬಸ್ ಚಾರ್ಜೂ ಬೇಡ

ಗ್ರಂಥಾಲಯ ವಿಜ್ಞಾನದ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಯಾಕೆ ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿ ಹಳೆಯದು. ಅವರಿಗೇನು ಪ್ರಯೋಗಾಲಯವೇ, ರಾಸಾಯನಿಕಗಳೇ? ಮಾಡುವುದು ಬಳಕೆದಾರರ ಸಮೀಕ್ಷೆ, ಇಲ್ಲವೇ ಯಾವ ಪತ್ರಿಕೆಯಲ್ಲಿ ಎಷ್ಟು ಲೇಖನ ಬಂತೆಂಬ ಎಣಿಕೆ. ಬೇರೆ ವಿಭಾಗದವರಷ್ಟೇ ಅಲ್ಲ, ನಮ್ಮವರೂ ಇದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ನನಗೆ ನೋವಾಗುವುದು ಅಲ್ಲಿ.

ಆಪಾದನೆಯಲ್ಲಿ ನಿಜಾಂಶವಿದೆ. ಕಾಲೇಜಿನ ಹೆಸರು ಬದಲಿಸಿದರೆ ಒಂದು ಇನ್ನೊಂದಾಗಿಬಿಡುವ ಪಿಎಚ್‌ಡಿ ಪ್ರಬಂಧಗಳನ್ನು ನಾನೂ ಓದಿದ್ದೇನೆ. ಆದರೆ ಸಂಶೋಧನೆ ಸಪ್ಪೆಯಾದ್ದರಿಂದ ದುಡ್ಡು ಬರುತ್ತಿಲ್ಲ ಎನ್ನುವುದು ತಿರುಗುಮುರುಗಾದ ತರ್ಕ. ದುಡ್ಡಿಲ್ಲದವನ ಕೈಗೆ ಎಟುಕುವ ಸಂಶೋಧನೆ ಇದೇ ಆದ್ದರಿಂದ ಇದೇ ಹಬ್ಬಿತು. ಗೂಗಲ್ ಫಾರ್ಮ್ ಕಳಿಸಲು ಬಸ್ ಚಾರ್ಜೂ ಬೇಡ.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಯಾವ ಅನುದಾನ ಪಡೆದಿದ್ದರು ಎಂದು ಕೆಲವರು ಕೇಳುತ್ತಾರೆ. 1933ರಲ್ಲಿ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಅವರ ಪದ್ಧತಿಯಾದ ಕೋಲನ್ ವರ್ಗೀಕರಣ ಪ್ರಕಟವಾದಾಗ ಅವರ ಬೆನ್ನಿಗೆ ಮದ್ರಾಸ್ ವಿಶ್ವವಿದ್ಯಾಲಯದ ಇಡೀ ಗ್ರಂಥಾಲಯವಿತ್ತು. ಅದೇ ಅವರ ಪ್ರಯೋಗಾಲಯ. 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ (ಡಿಆರ್‌ಟಿಸಿ) ಹುಟ್ಟಿದ್ದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಸರೆಯಲ್ಲಿ. ದುಡ್ಡಿಲ್ಲದೆ ಈ ವಿದ್ಯೆ ಬೆಳೆಯದೆಂದು ಬಲ್ಲವರಾದ್ದರಿಂದಲೇ ಅವರು ಮಡದಿ ಶಾರದಾ ಹೆಸರಿನಲ್ಲಿ ಪ್ರಾಧ್ಯಾಪಕ ಪೀಠಕ್ಕಾಗಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

ಕೈಯಲ್ಲಿ ಹಣವಿದ್ದರೆ ಏನು ಮಾಡುತ್ತೀರಿ? ಒಂದು ಉದಾಹರಣೆ ಸಾಕು. ಶಿವರಾಮ ಕಾರಂತರ ಹೆಸರು ರೋಮನ್ ಲಿಪಿಯ ಕ್ಯಾಟಲಾಗುಗಳಲ್ಲಿ ಒಂದು ಕಡೆ ಕೊನೆಯ ‘ಎಚ್’ ಇಟ್ಟುಕೊಂಡು, ಇನ್ನೊಂದು ಕಡೆ ಬಿಟ್ಟು ಕೂತಿರುತ್ತದೆ. ಕುವೆಂಪು ಎಂದು ಹುಡುಕಿದವನಿಗೆ ಕೆ. ವಿ. ಪುಟ್ಟಪ್ಪ ಎಂದು ದಾಖಲಾದ ಪುಸ್ತಕ ಸಿಗದೆ ಹೋಗಬಹುದು. ಪುಸ್ತಕ ಕಪಾಟಿನಲ್ಲೇ ಇದೆ. ಓದುಗನ ಪಾಲಿಗೆ ಇಲ್ಲ. ಕಾವ್ಯನಾಮ, ಊರ ಹೆಸರು, ಇನಿಷಿಯಲ್ಲುಗಳ ನಮ್ಮ ಸಾಹಿತ್ಯಕ್ಕೆ ಲೇಖಕರ ಹೆಸರುಗಳ ಪ್ರಮಾಣೀಕೃತ ಪಟ್ಟಿ ಬೇಕು. ಪರಿಭಾಷೆಯನ್ನು ಕನ್ನಡದಲ್ಲೇ ಯೋಚಿಸಿದ ವಿಷಯ ಶೀರ್ಷಿಕೆಗಳೂ ಬೇಕು. ಯಂತ್ರ ಅದಕ್ಕೆ ನೆರವಾಗಬಲ್ಲದು. ಇಬ್ಬರು ಒಂದೇ ಹೆಸರಿನವರೋ, ಒಬ್ಬರೇ ಎರಡು ಹೆಸರಿನವರೋ ಎಂದು ತೀರ್ಮಾನಿಸಲು ಮಾತ್ರ ಹಳೆಯ ಪುಸ್ತಕ ತಿರುವಿ ನೋಡುವ, ಸಾಹಿತ್ಯ ಬಲ್ಲ ಮನುಷ್ಯ ಬೇಕು. ಪಾಠ ಮುಗಿಸಿ ಸಂಜೆ ಐದರ ಮೇಲೆ ಒಬ್ಬ ಅಧ್ಯಾಪಕ ಮಾಡಿ ಮುಗಿಸುವ ಕೆಲಸ ಅದಲ್ಲ.

ಹಳ್ಳಿಗಳದೂ ಇದೇ ಕಥೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಬರುವ ಹುಡುಗಿ ಯಾವ ಪುಸ್ತಕ ಎತ್ತಿಕೊಂಡಳು, ಎಲ್ಲಿ ಬಿಟ್ಟಳು, ಮತ್ತೆ ಯಾಕೆ ಬರಲಿಲ್ಲ ಎಂಬುದು ಅಂಚೆಯಲ್ಲಿ ಕಳಿಸಿದ ಪ್ರಶ್ನಾವಳಿಗೆ ದಕ್ಕುವುದಿಲ್ಲ. ಒಂದು ಮಳೆಗಾಲ, ಒಂದು ಬೇಸಿಗೆ ಅಲ್ಲೇ ಇರಬೇಕು.

ಕೊಟ್ಟ ಹಣ ಪೋಲಾದರೆ ಎಂಬ ಭಯ ನ್ಯಾಯವಾದದ್ದೇ. ಸಿದ್ಧವಾದ ಪಟ್ಟಿಯನ್ನು, ದತ್ತಾಂಶವನ್ನು ಎಲ್ಲ ಗ್ರಂಥಾಲಯಗಳಿಗೂ ಮುಕ್ತವಾಗಿ ಕೊಡಲೇಬೇಕೆಂದು ಅನುದಾನ ಕೊಡುವವರು ಷರತ್ತು ಹಾಕಲಿ. ಆದರೆ ದೊಡ್ಡ ಉಪಕರಣವಿಲ್ಲದ ಅರ್ಜಿಯನ್ನು ಸಣ್ಣದೆಂದು ಪಕ್ಕಕ್ಕಿಡಬಾರದು. ನಾವು ಕೇಳುವುದು ಮುಖ್ಯವಾಗಿ ಇಬ್ಬರು ಸಹಾಯಕರ ಎರಡು ವರ್ಷದ ಸಂಬಳ, ಓಡಾಟದ ಖರ್ಚು.