ಚೆಂಡು ಬಿಡಿ, ಭಾರ ನೋಡಿ

ಕ್ರೀಡಾಚಿತ್ರ ಕಂಡ ಕೂಡಲೇ ನಮ್ಮ ಕಣ್ಣು ಚೆಂಡನ್ನು ಹುಡುಕುತ್ತದೆ. ಚೆಂಡು ಸಿಕ್ಕಿತೋ, ಚಿತ್ರ ನೋಡಿ ಆಯಿತೆಂದು ಪುಟ ಮಗುಚುತ್ತೇವೆ. ಈ ಚಿತ್ರಗಳ ರುಚಿ ಹತ್ತಿಸಿಕೊಳ್ಳಬೇಕು ಎನ್ನುವವರಲ್ಲಿ ನನ್ನದೊಂದು ಕೋರಿಕೆ: ಆಟಗಾರನ ಮೈಭಾರ ಎಲ್ಲಿದೆ ಎಂದು ಮೊದಲು ನೋಡಿ. ಯಾವ ಕಾಲಿನ ಮೇಲೆ? ನೆಲದಲ್ಲೋ, ಗಾಳಿಯಲ್ಲೋ, ಎದುರಾಳಿಯ ಹೆಗಲಿನ ಮೇಲೋ?

ಹಳೆಯ ಪ್ರಶ್ನೆಯೇ ಇದು. ಓಡುವ ಕುದುರೆಯ ನಾಲ್ಕೂ ಗೊರಸು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಜಿಜ್ಞಾಸೆಗೆ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಸಾಲಾಗಿ ಕ್ಯಾಮೆರಾ ಹೂಡಿ ಉತ್ತರ ಕೊಟ್ಟ. ಬಿಡುತ್ತವೆ. ಮೈಬ್ರಿಜ್ ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಂಗಳದಲ್ಲಿ ಓಡುವ, ಜಿಗಿಯುವ, ಕುಸ್ತಿ ಹಿಡಿಯುವ ಹುಡುಗರನ್ನು ಹಾಗೇ ಸೆರೆಹಿಡಿದ. 1887ರಲ್ಲಿ ಹೊರಬಂದ ಅವನ 781 ಫಲಕಗಳಲ್ಲಿ ನಾಲ್ಕಾರನ್ನಾದರೂ ನಿಧಾನವಾಗಿ ನೋಡಿ. ಗೆದ್ದವರಾರು ಎಂಬುದೇ ಅಲ್ಲಿಲ್ಲ. ಒಂದು ಹಿಮ್ಮಡಿಯಿಂದ ಇನ್ನೊಂದು ತುದಿಗಾಲಿಗೆ ದಾಟುತ್ತಿರುವ ಭಾರ, ಅಷ್ಟೇ.

ಈಗ ಅಮೆರಿಕದ ಕಾಲೇಜು ಫುಟ್‌ಬಾಲಿಗೆ ಬನ್ನಿ. ಪಂದ್ಯದ ದಿನದ ಚಿತ್ರಗಳಲ್ಲಿ ಜನಜಂಗುಳಿ, ದೀಪ, ಜಾಹೀರಾತು ಎಲ್ಲ ಸೇರಿ ಕಣ್ಣು ಕುಕ್ಕುತ್ತವೆ. ನನಗೆ ತಾಲೀಮಿನ ಚಿತ್ರಗಳೇ ಹೆಚ್ಚು ಇಷ್ಟ. ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿ ಕೂತ ವೇಷಧಾರಿಯನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಮುಂಸಾಲಿನಲ್ಲಿ ಎದುರಾಳಿಗೆ ಅಡ್ಡ ನಿಲ್ಲುವ ಲೈನ್‌ಮನ್ ಹುಡುಗ ಬಗ್ಗಿ ಒಂದು ಕೈಯನ್ನು ಹುಲ್ಲಿಗೆ ಊರಿದ್ದಾನೆ; ಬೆರಳತುದಿ ಬಿಳಿಚಿದ್ದರೆ ಭಾರ ಆಗಲೇ ಮುಂದಕ್ಕೆ ವಾಲಿದೆ. ಮೆತ್ತೆ ಕಟ್ಟಿದ ಕಬ್ಬಿಣದ ಚೌಕಟ್ಟನ್ನು ನಾಲ್ವರು ಹೆಗಲುಕೊಟ್ಟು ನೂಕುತ್ತಿದ್ದಾರೆ, ಮೇಲೆ ಕೋಚ್ ನಿಂತಿದ್ದಾರೆ, ಅವರ ತೂಕವೂ ಇವರ ಪಾಲಿಗೇ. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ತಾಲೀಮಿನಲ್ಲಿ ಬೇರೆ ಬಣ್ಣದ ಜೆರ್ಸಿ: ಇವನಿಗೆ ಡಿಕ್ಕಿ ಹೊಡೆಯಬೇಡಿ ಎಂಬ ಗುರುತು. ಹಾಗಾಗಿ ಅವನತ್ತ ನುಗ್ಗಿಬಂದವನು ಕೊನೆಯ ಹೆಜ್ಜೆಯಲ್ಲಿ ಹಿಮ್ಮಡಿ ನೆಟ್ಟು ತನ್ನನ್ನು ತಾನೇ ತಡೆಯಬೇಕು. ಪಂದ್ಯದಲ್ಲಿ ಸಿಗದ ಚಿತ್ರವಿದು. ಹೆಲ್ಮೆಟ್ಟಿನೊಳಗೆ ಮುಖ ಕಾಣದು ಎಂದು ಗೊಣಗಬೇಡಿ, ಕುತ್ತಿಗೆ ಕಾಣುತ್ತದಲ್ಲ.

ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೆ ಷಟರ್ ಇಟ್ಟರೆ ಚಲನೆ ಗಕ್ಕನೆ ನಿಲ್ಲುತ್ತದೆ. ಅದು ಯಂತ್ರದ ಕೆಲಸ. ಎಲ್ಲಿ ಕೂರಬೇಕೆಂಬುದು ಮನುಷ್ಯನ ಕೆಲಸ, ಅದೃಷ್ಟದ್ದೂ ಹೌದು. 1965ರಲ್ಲಿ ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ ಬಾಕ್ಸಿಂಗ್ ಕಣದಲ್ಲಿ ನೆಲಕ್ಕುರುಳಿದ ಎದುರಾಳಿ ಲಿಸ್ಟನ್ ಮೇಲೆ ಮುಹಮ್ಮದ್ ಅಲಿ ಅಬ್ಬರಿಸುವ ನೀಲ್ ಲೈಫರ್ ಅವರ ಚಿತ್ರ ನೆನಪಿದೆಯೇ? ಅಲಿಯ ಕಾಲುಗಳ ನಡುವೆ ಇಣುಕಿ ನೋಡಿ. ಎದುರು ಬದಿಯಲ್ಲಿ ಕೂತ, ಲೈಫರ್ ಅವರದೇ ಪತ್ರಿಕೆಯ ಹಿರಿಯ ಛಾಯಾಗ್ರಾಹಕ ಕಾಣುತ್ತಾರೆ. ಪಾಪ, ಅವರಿಗೆ ಸಿಕ್ಕಿದ್ದು ಅಲಿಯ ಬೆನ್ನು.

ಕೊನೆಗೆ ನಗು ತರಿಸುವ ಆಟ. 2005ರಲ್ಲಿ ವರ್ಮಾಂಟ್‌ನ ಮಿಡ್ಲ್‌ಬರಿ ಕಾಲೇಜಿನ ಹುಡುಗರು ಹ್ಯಾರಿ ಪಾಟರ್ ಕತೆಯ ಕ್ವಿಡಿಚ್ ಆಟವನ್ನು ನೆಲಕ್ಕಿಳಿಸಿದರು. 2022ರಿಂದ ಅದರ ಹೆಸರು ಕ್ವಾಡ್‌ಬಾಲ್. ಪಕ್ಷಕ್ಕೆ ಮೂರು ಬಳೆಗಳ ಗೋಲು, ತುಸು ಗಾಳಿ ಇಳಿಸಿದ ವಾಲಿಬಾಲ್, ಹೊಡೆಯಲು ಬೇರೆ ಚೆಂಡುಗಳು, ಎಲ್ಲರ ಕಾಲ ಸಂದಿಯಲ್ಲೂ ಒಂದೊಂದು ಕೋಲು. ಹಾರುವುದು ಯಾರೂ ಇಲ್ಲ. ಇಲ್ಲಿ ಛಾಯಾಗ್ರಾಹಕ ಸುಲಭವಾಗಿ ಜಾರಿಬೀಳುತ್ತಾನೆ: ಕೋಲು ತೋರಿಸಿದ, ನಗಿಸಿದ, ಮುಗಿಯಿತು. ಅಂಥ ಚಿತ್ರವನ್ನು ದಾಟಿ ಮುಂದೆ ಹೋಗಿ. ಕೋಲನ್ನು ತೊಡೆಗಳಲ್ಲೇ ಬಿಗಿಹಿಡಿದು ಒಂಟಿಕೈಯಲ್ಲಿ ಚೆಂಡಿಗೆ ಬಾಚುವವಳ ಮೈ ಎತ್ತ ತಿರುಚಿದೆ, ಬಿದ್ದರೆ ಊರಲು ಯಾವ ಕೈ ಉಳಿದಿದೆ ಎಂದು ನೋಡಿದಾಗ ನಗು ತಾನೇ ನಿಲ್ಲುತ್ತದೆ. ಕತೆಯಲ್ಲಿ ಹಾರಾಡುವ ಚಿನ್ನದ ಗೋಲಿಯಾದ ಸ್ನಿಚ್ ಇಲ್ಲಿ ಗೋಲಿಯಲ್ಲ, ಹಳದಿ ಉಡುಪಿನ ಓಟಗಾರ. ಅವನ ಸೊಂಟದ ಹಿಂದೆ ಸಿಕ್ಕಿಸಿದ ಕಾಲುಚೀಲದೊಳಗೊಂದು ಟೆನಿಸ್ ಚೆಂಡು. ಅದನ್ನು ಕಿತ್ತುಕೊಳ್ಳಲು ಹಾರಿದ ಸೀಕರ್ ಎಂಬ ಆಟಗಾರನ ಎರಡೂ ಪಾದ ನೆಲ ಬಿಟ್ಟಿರುವ ಚಿತ್ರವೊಂದು ಸಿಕ್ಕರೆ ತೆಗೆದಿಟ್ಟುಕೊಳ್ಳಿ. ಕಾಲುಚೀಲ ಚೌಕಟ್ಟಿನ ಹೊರಗೆ ಉಳಿದಿದ್ದರೂ ಪರವಾಗಿಲ್ಲ.