ಬಾಣವೋ ಸಂಪುಟವೋ: ಒಂದು ರೂಪಕದ ವಿಮರ್ಶೆ

ಅರ್ಬುದರೋಗಕ್ಕೆ ವಿಷಪ್ರಾಯವಾದ ಔಷಧವನ್ನು ಮೇದಸ್ಸಿನ ಅತಿಸೂಕ್ಷ್ಮ ಕೋಶಗಳಲ್ಲಿ ಅಡಗಿಸಿ ಕೊಡುವ ಕ್ರಮವು ಈಗ ರೂಢವಾಗಿದೆ. ಈ ಕೋಶಕ್ಕೆ ಲೈಪೋಸೋಮ್ ಎಂದು ಹೆಸರು. ಇದನ್ನು ಕನ್ನಡದಲ್ಲಿ ವಿವರಿಸಹೊರಟವರಿಗೆ ‘ರಾಮಬಾಣ’ವೆಂಬ ಮಾತು ತಾನಾಗಿ ನಾಲಗೆಗೆ ಬರುತ್ತದೆ, ಜರ್ಮನ್ ಪಂಡಿತ ಪಾಲ್ ಏರ್ಲಿಖನ ‘ಮಾಯಾಗುಂಡಿ’ನ ಕಲ್ಪನೆಯೂ ಅದಕ್ಕೆ ಒತ್ತಾಸೆಯಾಗಿದೆ. ಈ ರೂಪಕವು ವಸ್ತುಸ್ಥಿತಿಗೆ ಒಪ್ಪುವುದೇ ಎಂಬುದು ಪ್ರಕೃತ ವಿಚಾರ.

ಒಪ್ಪದೆಂದೇ ನಮ್ಮ ಅಭಿಪ್ರಾಯ. ಬಾಣಕ್ಕೆ ಗುರಿಯುಂಟು; ಈ ಕೋಶಕ್ಕೆ ಇಲ್ಲ. 1995ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಡಾಕ್ಸಿಲ್ ಎಂಬ ಔಷಧವನ್ನೇ ನೋಡಬಹುದು. ಅದರೊಳಗಿನ ಡಾಕ್ಸೋರೂಬಿಸಿನ್ ಹೃದಯಕ್ಕೆ ಕೇಡು ಮಾಡತಕ್ಕದ್ದು. ಸುಮಾರು 100 ನ್ಯಾನೋಮೀಟರ್ ಗಾತ್ರದ ಕೋಶವು ಅದನ್ನು ಮುಚ್ಚಿಟ್ಟು ರಕ್ತದಲ್ಲಿ ಬಹುಕಾಲ ಅಲೆಯುತ್ತದೆ. ಗಡ್ಡೆಯ ರಕ್ತನಾಳಗಳ ಭಿತ್ತಿ ಸಡಿಲವಾಗಿದ್ದರೆ ಅಲ್ಲಿ ಸೋರಿ ನಿಲ್ಲುತ್ತದೆ. ಆ ಸಡಿಲವು ಎಲ್ಲ ಗಡ್ಡೆಗಳಲ್ಲಿಯೂ ಸಮನಲ್ಲ. ಕೋಶಗಳಲ್ಲಿ ಒಂದು ಪಾಲು ಯಕೃತ್ತು ಪ್ಲೀಹಗಳ ಪಾಲಾಗುತ್ತದೆ. ಹೃದಯಕ್ಕೆ ಅಪಾಯ ಕಡಮೆಯಾದುದು ನಿಜ. ಆದರೆ ಅಂಗೈ ಅಂಗಾಲುಗಳ ಚರ್ಮ ಕೆಂಪೇರಿ ಸುಲಿಯುವ ಹೊಸ ಬಾಧೆಯೂ ಕಾಣಿಸಿತು. ಗುರಿಯೊಂದನ್ನೇ ಮುಟ್ಟುವ ಬಾಣದ ಲಕ್ಷಣ ಇದಲ್ಲ.

ಮಣಿಪಾಲದ ಔಷಧವಿಜ್ಞಾನ ಕಾಲೇಜಿನಲ್ಲಿ ಎನ್. ಉಡುಪ ಮತ್ತು ಅವರ ಸಹೋದ್ಯೋಗಿಗಳು ಇಂಥದೇ ಕೆಲಸ ಮಾಡಿದರು. ಕೊಲೆಸ್ಟರಾಲ್ ಬೆರೆತ ನಿಯೋಸೋಮ್ ಎಂಬ ಕೋಶಗಳಲ್ಲಿ ಮೆಥೋಟ್ರೆಕ್ಸೇಟನ್ನು ತುಂಬಿ ಪರೀಕ್ಷಿಸಿ 1990 ಮತ್ತು 1993ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. 1990ರ ಪ್ರಬಂಧದ ತಲೆಬರಹದಲ್ಲಿ ಇರುವುದು ‘ಕೋಶದಲ್ಲಿ ಬಂಧಿಸಿದ’ ಎಂಬ ಅರ್ಥದ ಮಾತು. ಬಾಣದ ಸುದ್ದಿ ಅಲ್ಲಿಲ್ಲ. ಶಾಸ್ತ್ರಜ್ಞನು ಹಿಡಿದ ಮಿತಿಯನ್ನು ಸಾಹಿತಿಯು ಮೀರುವುದು ಉಚಿತವೇ?

ಹಾಗಾದರೆ ಯಾವ ಪದ? ಮುಚ್ಚಿ ಕಾಪಾಡುವುದು ಈ ವಸ್ತುವಿನ ಮುಖ್ಯ ಗುಣವಾದುದರಿಂದ ಗ್ರಂಥಭಾಷೆಗೆ ‘ಮೇದಸ್ಸಂಪುಟ’ ಸಲ್ಲುತ್ತದೆ. ಆದರೆ ಕಾಪುವಿನಿಂದಲೋ ಕಾರ್ಕಳದಿಂದಲೋ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಬರುವ ರೋಗಿಗೆ ಆ ಪದವು ಭಾರವೇ ಸರಿ. ಅವರಿಗೆ ‘ಕೊಬ್ಬಿನ ಭರಣಿ’ ಎಂದರೆ ಸಾಕು: ಉಪ್ಪಿನಕಾಯಿಯ ಭರಣಿ ಈ ಸೀಮೆಯಲ್ಲಿ ಯಾರಿಗೆ ತಿಳಿಯದು? ಕಾರ್ಕಳದ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಮುದ್ದಣನು, ಸಂಸ್ಕೃತವೆಷ್ಟು ಕನ್ನಡವೆಷ್ಟು ಎಂಬ ಪ್ರಶ್ನೆಯನ್ನು ‘ಶ್ರೀರಾಮಾಶ್ವಮೇಧ’ದಲ್ಲಿ ಕೇಳುವ ಮನೋರಮೆಯ ಬಾಯಿಂದಲೇ ಎತ್ತಿಸಿದನು. ಇಲ್ಲಿ ಕೇಳುವವನು ರೋಗಿ. ಬಾಣವೆಂದು ನಂಬಿದವನು ಅಂಗೈ ಸುಲಿದಾಗ ವೈದ್ಯನನ್ನು ಶಂಕಿಸುವನು, ಇಲ್ಲವೇ ಔಷಧವನ್ನೇ ಬಿಡುವನು. ಭರಣಿಯೆಂದು ತಿಳಿದವನಿಗೆ ಒಳಗಿರುವುದು ವಿಷವೆಂಬ ಅರಿವೂ, ಅದು ಅಷ್ಟಿಷ್ಟು ಸೋರೀತೆಂಬ ಎಚ್ಚರವೂ ಇರುವುವು. ರೂಪಕದ ಔಚಿತ್ಯವು ಇಲ್ಲಿ ಬರಿಯ ಅಲಂಕಾರಶಾಸ್ತ್ರದ ಮಾತಲ್ಲ.