ಕೇಳದೆ ಬರುವ ಸುದ್ದಿಯ ವಿಳಾಸ

ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ತಿಕೋಟಾ ಭಾಗಕ್ಕೆ ಬರಬೇಕಾದರೆ ದೂರದೂರದ ಪಂಪು, ಕವಾಟ, ಪೈಪುಗಳೆಲ್ಲ ಹೊಂದಿಕೊಂಡು ನಡೆಯಬೇಕು. ಇಂಥ ಚದುರಿದ ಕೆಲಸದ ಮೇಲೆ ಕಣ್ಣಿಡಲೆಂದೇ ಸ್ಕಾಡಾ ಇರುವುದು. 1979ರ ಮೋಡ್‌ಬಸ್ ಎಂಬ ಸಂವಹನ ಪದ್ಧತಿಯಲ್ಲಿ ಕಂಟ್ರೋಲ್ ರೂಮು ಕೇಳಿದರಷ್ಟೇ ಉತ್ತರ. ಡಿಎನ್‌ಪಿ3 ಪದ್ಧತಿಯಲ್ಲಿ ಹಾಗಲ್ಲ, ಪಂಪ್ ಟ್ರಿಪ್ ಆದ ಕೂಡಲೇ ಅಲ್ಲಿನ ಆರ್‌ಟಿಯು ಪೆಟ್ಟಿಗೆ ತಾನಾಗಿ ಸುದ್ದಿ ಕಳಿಸಬಲ್ಲದು. ಸರದಿ ಕಾಯಬೇಕಿಲ್ಲ, ಮೊಬೈಲ್ ಡೇಟಾವೂ ಉಳಿಯುತ್ತದೆ. ಸೌಲಭ್ಯ ಒಳ್ಳೆಯದೇ, ಅದನ್ನು ಹೊಂದಿಸುವ ನಮ್ಮ ರೂಢಿಯ ಬಗ್ಗೆ ಮಾತ್ರ ನನ್ನ ತಕರಾರು.

ತಾನಾಗಿ ಬರುವ ಸಂದೇಶದಲ್ಲಿ 'ಎರಡನೇ ಪಂಪು' ಎಂಬ ಹೆಸರಿರುವುದಿಲ್ಲ. ಗ್ರೂಪ್ 2, ಇಂಡೆಕ್ಸ್ 1 ಎಂಬ ಅಂಕಿಗಳಷ್ಟೇ ಇರುತ್ತವೆ. ಪ್ಯಾನೆಲ್ ಡ್ರಾಯಿಂಗಿನ ಎಣಿಕೆ ಒಂದರಿಂದ, ಇಂಡೆಕ್ಸಿನದು ಸೊನ್ನೆಯಿಂದ. ಡ್ರಾಯಿಂಗನ್ನೇ ನಂಬಿ ವಿಳಾಸ ತುಂಬಿದರೆ ಎರಡನೇ ಪಂಪು ನಿಂತಾಗ ಪರದೆಯಲ್ಲಿ ಒಂದನೆಯದು ಕೆಂಪಾಗುತ್ತದೆ. ಒಂದನೆಯದರ ಸುದ್ದಿಗೆ ಮನೆಯೇ ಇಲ್ಲ. ಕೇಳಿ ಪಡೆಯುವ ಪದ್ಧತಿಯಲ್ಲಿ ಇಲ್ಲದ ವಿಳಾಸ ಕೇಳಿದರೆ ದೋಷದ ಉತ್ತರವಾದರೂ ಬರುತ್ತದೆ. ಇಲ್ಲಿ ಕಂಟ್ರೋಲ್ ರೂಮಿನ ಮಾಸ್ಟರ್ 'ತಲುಪಿತು' ಎಂದು ಒಪ್ಪಿಗೆ ಕೊಡುತ್ತದೆ, ಆರ್‌ಟಿಯು ಆ ಘಟನೆಯನ್ನು ಬಫರಿನಿಂದ ಅಳಿಸುತ್ತದೆ. ತಮ್ಮಲ್ಲಿ ಹೆಸರು (ಟ್ಯಾಗ್) ಇಲ್ಲದ ಸುದ್ದಿಯನ್ನು ಎಷ್ಟೋ ತಂತ್ರಾಂಶಗಳು ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ನನ್ನ ಮಟ್ಟಿಗೆ ಇಡೀ ಏರ್ಪಾಟಿನ ದೊಡ್ಡ ಕುಂದು ಇದೇ.

ವಿಳಾಸ ಸರಿಯಿದ್ದರೆ ಸಾಲದು, ಅಂಕಿ ಹಿಡಿಸುವಷ್ಟು ಜಾಗವೂ ಬೇಕು. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ದಶಮಾಂಶ ಉಳಿಸಲು ನೂರರಿಂದ ಗುಣಿಸಿದರೆ 51960. ಅದನ್ನು 16 ಬಿಟ್ಟಿನ ರೂಪದಲ್ಲಿ ಕಳಿಸಿ ನೋಡಿ: ಅದರ ಮಿತಿ 32767, ಹಾಗಾಗಿ ಪರದೆಯ ಮೇಲೆ ಮಟ್ಟ 327.67ಕ್ಕೇ ನಿಲ್ಲುತ್ತದೆ. ಮಿತಿ ಮೀರಿದೆ ಎಂಬ ಗುರುತು ಜೊತೆಗೇ ಬಂದಿರುತ್ತದೆ, ಆದರೆ ಅದನ್ನು ಪರದೆಗೆ ತರುವ ಗೊಡವೆಗೆ ಹೋಗುವವರು ಕಡಿಮೆ.

ಇನ್ನು ಕ್ಲಾಸ್ ಹಂಚಿಕೆ, ಅಂದರೆ ಸುದ್ದಿಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವುದು. ಎಲ್ಲ ಪಾಯಿಂಟುಗಳನ್ನೂ ಕ್ಲಾಸ್ 1ಕ್ಕೆ ತುಂಬಿ, ಡೆಡ್‌ಬ್ಯಾಂಡ್ (ಸುದ್ದಿಯಾಗಲು ಬೇಕಾದ ಕನಿಷ್ಠ ಬದಲಾವಣೆ) ಸೊನ್ನೆ ಬಿಟ್ಟು ಕೈತೊಳೆದುಕೊಳ್ಳುವುದು ಸೋಮಾರಿತನ, ಬೇರೇನಲ್ಲ. ಮಮದಾಪುರದಂಥ ದೊಡ್ಡ ಕೆರೆಗೆ ಮಟ್ಟದ ಸೆನ್ಸರ್ ಕೂರಿಸಿ ಹೀಗೆ ಬಿಟ್ಟರೆ ಗಾಳಿಗೆ ಎದ್ದ ಒಂದೊಂದು ಅಲೆಯೂ ಒಂದೊಂದು ಸುದ್ದಿ. ಬಫರು ತುಂಬಿದಾಗ ಕಳೆದುಹೋಗುವ ಸುದ್ದಿ ಟ್ರಿಪ್ಪಿನದೇ ಆಗಿರಬಹುದು. ಮಟ್ಟಕ್ಕೆ ಒಂದೆರಡು ಸೆಂಟಿಮೀಟರ್ ಡೆಡ್‌ಬ್ಯಾಂಡ್ ಕೊಟ್ಟು ಕ್ಲಾಸ್ 3ಕ್ಕೆ ಸರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಕರೆಂಟ್ ಹೋಗಿ ಬಂದಾಗ ಮತ್ತೊಂದು ಫಜೀತಿ. ಮರಳಿ ಎದ್ದ ಆರ್‌ಟಿಯು, ಮಾಸ್ಟರ್ ಮತ್ತೆ ಅನುಮತಿ ಕೊಡುವ ತನಕ ಘಟನೆಗಳನ್ನು ತಾನಾಗಿ ಕಳಿಸುವಂತಿಲ್ಲ. ಅನುಮತಿಯ ಆ ಆದೇಶ (ಸಂಖ್ಯೆ 20) ಹೋಗದಿದ್ದರೆ ಪರದೆ ಶಾಂತ, ಆಪರೇಟರ್ ನಿಶ್ಚಿಂತ. ಹೀಗಾಗಿ ಗಂಟೆಗೊಮ್ಮೆಯಾದರೂ ಪೂರ್ತಿ ಪಾಯಿಂಟುಗಳನ್ನು ಕೇಳಿ ತರುವ ಹಳೆಯ ಕ್ರಮವನ್ನು ಕೈಬಿಡಕೂಡದು. ಕೆಲಸ ಒಪ್ಪಿಸಿಕೊಳ್ಳುವ ದಿನ ಲ್ಯಾಪ್‌ಟಾಪಿನಲ್ಲಿ ಅಂಕಿ ಬದಲಿಸಿ ತೋರಿಸಿದರೆ ಒಪ್ಪಬೇಡಿ. ಪ್ಯಾನೆಲ್ಲಿನ ಟರ್ಮಿನಲ್‌ನಲ್ಲೇ ಒಂದೊಂದು ವೈರು ಬಿಚ್ಚಿಸಿ, ಪರದೆಯ ಮೇಲೆ ಬದಲಾಗುವ ಹೆಸರನ್ನು ಫೋನಿನಲ್ಲಿ ಓದಿ ಹೇಳಿಸಿ.